ಯಾವುದನ್ನು ಮೊದಲು ಓದಬೇಕು?

ಆರ್ಡುಯಿನೊ ಉನೊ ಬೋರ್ಡಿನ ಎಟಿಮೆಗಾ 328ಪಿ ಚಿಪ್, ಸೆನ್ಸರಿನಿಂದ ಬರುವ ವೋಲ್ಟೇಜನ್ನು 10 ಬಿಟ್‌ಗಳಲ್ಲಿ, ಅಂದರೆ 0ಯಿಂದ 1023ರವರೆಗಿನ ಸಂಖ್ಯೆಯಾಗಿ ಅಳೆಯುತ್ತದೆ. ಒಂದು ರಿಜಿಸ್ಟರಿನಲ್ಲಿ ಹಿಡಿಯುವುದು 8 ಬಿಟ್ ಮಾತ್ರ. ಹಾಗಾಗಿ ಕೆಳಗಿನ 8 ಬಿಟ್ ಎಡಿಸಿಎಲ್ ಎಂಬ ರಿಜಿಸ್ಟರಿನಲ್ಲಿ, ಮೇಲಿನ 2 ಬಿಟ್ ಎಡಿಸಿಎಚ್ ಎಂಬ ಇನ್ನೊಂದರಲ್ಲಿ ಇರುತ್ತವೆ. ಎಡಿಸಿಎಲ್ ಓದಿದ ಕೂಡಲೇ, ಹೊಸ ಅಳತೆ ಒಳಬರದಂತೆ ಎರಡಕ್ಕೂ ಬೀಗ ಬೀಳುತ್ತದೆ. ಎಡಿಸಿಎಚ್ ಓದಿದ ಮೇಲೆಯೇ ಅದು ತೆರೆಯುವುದು. ಈ ಕ್ರಮ ತಿರುವುಮುರುವಾದರೆ ಎರಡು ಬೇರೆ ಅಳತೆಗಳ ತುಂಡುಗಳು ಒಂದಾಗಬಹುದು. ಅಳತೆ 255ರಿಂದ 256ಕ್ಕೆ ಏರುವ ಹೊತ್ತಿನಲ್ಲಿ ಮೇಲಿನ ಭಾಗ ಹಳೆಯದು, ಕೆಳಗಿನದು ಹೊಸದು ಎಂದಾದರೆ ಕೈಗೆ ಸಿಗುವ ಉತ್ತರ ಸೊನ್ನೆ! ಮೇಲಾಗಿ ಬೀಗ ಹಾಗೇ ಉಳಿದು, ಆಮೇಲೆ ಮುಗಿಯುವ ಅಳತೆ ಕಳೆದುಹೋಗುತ್ತದೆ.

ಹೀಗೆ ತಾನಾಗಿ ಬದಲಾಗುವ ಅಥವಾ ಓದಿದ ಮಾತ್ರಕ್ಕೇ ಪರಿಣಾಮ ಬೀರುವ ಜಾಗಗಳನ್ನು ಸಿ ಭಾಷೆಯಲ್ಲಿ ವೊಲಟೈಲ್ ಎಂದು ಘೋಷಿಸುತ್ತಾರೆ. ಆಗ ಕಂಪೈಲರ್ ಯಾವ ಓದನ್ನೂ ಕೈಬಿಡುವಂತಿಲ್ಲ. ಆದರೆ ಎರಡು ವೊಲಟೈಲ್‌ಗಳನ್ನು ಒಂದೇ ಲೆಕ್ಕದಲ್ಲಿ ಕೂಡಿಸಿದರೆ ಯಾವುದನ್ನು ಮೊದಲು ಓದಬೇಕೆಂದು ಸಿ ಮಾನಕ ಹೇಳುವುದೇ ಇಲ್ಲ. ಬ್ರಾಕೆಟ್ ಹಾಕಿದರೂ ನಿರ್ಧಾರವಾಗುವುದು ಯಾವುದು ಯಾವುದರೊಂದಿಗೆ ಸೇರಬೇಕು ಎಂಬುದಷ್ಟೇ, ಓದುವ ಸರದಿಯಲ್ಲ. ಜಾವಾ ಎಡದಿಂದ ಬಲಕ್ಕೆ ಎಂದು ಕಟ್ಟುನಿಟ್ಟು ಮಾಡಿದೆ. ಸಿ ಮಾತ್ರ ಚುರುಕಾದ ಕೋಡ್ ಹುಟ್ಟಲೆಂದು ಆ ಸ್ವಾತಂತ್ರ್ಯವನ್ನು ಕಂಪೈಲರಿಗೆ ಬಿಟ್ಟಿದೆ. ಎಂಬೆಡೆಡ್ ವಲಯದಲ್ಲಿ ಬಳಕೆಯಲ್ಲಿರುವ ಐಎಆರ್ ಕಂಪೈಲರ್ ಪಿಎ082 ಎಂಬ ವಾರ್ನಿಂಗ್ ಕೊಡುವುದು ಇಂಥ ಸಾಲುಗಳಿಗೇ.

ಈ ವಾರ್ನಿಂಗಿನ ಬಾಯಿ ಮುಚ್ಚಿಸುವವರ ವಾದ ಹೀಗಿರುತ್ತದೆ: ಡೇಟಾ ಕೂಡಿಡುವ ಬಫರಿನ ತಲೆ ಮತ್ತು ಬಾಲದ ಗುರುತುಗಳು ಸಮವೇ ಎಂದು ಹೋಲಿಸುವಾಗ ಯಾವುದನ್ನು ಮೊದಲು ಓದಿದರೇನು? ಎಷ್ಟೋ ಕಡೆ ಇದು ನಿಜವೇ. ಆದರೆ ಕಂಪೈಲರಿಗೆ ಕಾಣುವುದು ವಿಳಾಸ ಮತ್ತು ವೊಲಟೈಲ್ ಎಂಬ ಗುರುತು ಮಾತ್ರ. ಅದರ ಹಿಂದೆ ಬೀಗವಿದೆಯೋ ಬರೀ ಮೆಮೊರಿಯಿದೆಯೋ ಅದಕ್ಕೆ ತಿಳಿಯದು. ಹಾನಿಯಿಲ್ಲದ ಸಾಲಿನ ಸಲುವಾಗಿ ವಾರ್ನಿಂಗನ್ನೇ ಆರಿಸಿಬಿಟ್ಟರೆ ಅಪಾಯದ ಸಾಲೂ ಸದ್ದಿಲ್ಲದೆ ದಾಟಿಹೋಗುತ್ತದೆ. ಇಷ್ಟು ದಿನ ಸರಿಯಾಗಿಯೇ ಓಡಿದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ಓಡಿದ್ದು ಆ ಕಂಪೈಲರಿನ ಆ ಆವೃತ್ತಿ ಆರಿಸಿಕೊಂಡ ಕ್ರಮದಿಂದ; ಆಪ್ಟಿಮೈಸೇಶನ್ ಮಟ್ಟ ಬದಲಿಸಿದರೆ ಅದು ಬದಲಾಗಬಹುದು, ಆಗ ದೂರುವುದಕ್ಕೆ ಮಾನಕದಲ್ಲಿ ಆಧಾರವಿಲ್ಲ.

ಪರಿಹಾರವಂತೂ ತೀರ ಅಗ್ಗ. ಕೆಳಗಿನ ಭಾಗವನ್ನು ಒಂದು ವೇರಿಯಬಲ್‌ಗೆ ಓದಿಕೊಂಡು, ಮುಂದಿನ ಸಾಲಿನಲ್ಲಿ ಮೇಲಿನದನ್ನು ಓದಿ, ಆಮೇಲೆ ಎರಡನ್ನೂ ಸೇರಿಸಿದರಾಯಿತು. ಆರ್ಡುಯಿನೊ ಲೈಬ್ರರಿಯಲ್ಲೂ ಇದೇ ರೀತಿ ಬರೆದು, ಕಾರಣವನ್ನು ಕಾಮೆಂಟಿನಲ್ಲಿ ವಿವರಿಸಿದ್ದರು. ಆ ತಾತ್ಕಾಲಿಕ ವೇರಿಯಬಲ್ ಸಾಮಾನ್ಯವಾಗಿ ಪ್ರೊಸೆಸರಿನ ರಿಜಿಸ್ಟರಿನಲ್ಲೇ ಉಳಿಯುವುದರಿಂದ ವೇಗಕ್ಕೂ ಪೆಟ್ಟಿಲ್ಲ. ಯಂತ್ರಕ್ಕೆ ಯಾವ ಸರದಿ ಬೇಕೆಂಬುದು ಡೇಟಾಶೀಟ್ ಓದಿದ ಪ್ರೋಗ್ರಾಮರಿಗೆ ಮಾತ್ರ ಗೊತ್ತು. ಆ ತಿಳಿವಳಿಕೆಯನ್ನು ಕೋಡಿನಲ್ಲೇ ಬರೆದಿಡಿ ಎಂದು ಕೇಳುವ ವಾರ್ನಿಂಗನ್ನು ಕಿರಿಕಿರಿ ಎನ್ನುವುದು ತಪ್ಪು. ಅದು ನ್ಯಾಯವಾದ ಬೇಡಿಕೆ.