ಮೋಟಾರ್‌ಸೈಕಲ್ ಪಂದ್ಯಗಳಲ್ಲಿ ಏಕವೀರನ ಪ್ರಾಬಲ್ಯವೂ ಜನಪ್ರಿಯತೆಯೂ

ಕ್ರೀಡೆಯೊಂದರಲ್ಲಿ ಒಬ್ಬನೇ ಸ್ಪರ್ಧಿಯು ವರ್ಷಾನುವರ್ಷ ಗೆಲ್ಲುತ್ತ ಹೋದರೆ ಆ ಕ್ರೀಡೆಯ ಜನಪ್ರಿಯತೆಗೆ ಅದರಿಂದ ಲಾಭವೋ ಹಾನಿಯೋ ಎಂಬುದು ಕೇವಲ ಕ್ರೀಡಾಸಕ್ತರ ಹರಟೆಗೆ ಸೇರಿದ ಪ್ರಶ್ನೆಯಲ್ಲ. ಪ್ರವೇಶಶುಲ್ಕ, ಪ್ರಸಾರದ ಹಕ್ಕು, ತಯಾರಕರ ಬಂಡವಾಳ, ಅನೇಕ ಜನರ ಜೀವನೋಪಾಯ ಇವೆಲ್ಲವೂ ಅದರ ಉತ್ತರವನ್ನು ಅವಲಂಬಿಸಿರುವುದರಿಂದ ಅರ್ಥಶಾಸ್ತ್ರದ ವಿದ್ಯಾರ್ಥಿಗೂ ಇದು ವಿಚಾರಾರ್ಹವಾದ ವಿಷಯವೇ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಮೋಟಾರ್‌ಸೈಕಲ್ ಪಂದ್ಯಗಳಿಗೆ ಸೀಮಿತಗೊಳಿಸಿ ಪರಿಶೀಲಿಸಲಾಗಿದೆ. ಈ ಆಯ್ಕೆಗೆ ಕಾರಣವುಂಟು. 1949 ರಲ್ಲಿ ಆರಂಭವಾದ ಗ್ರ್ಯಾನ್ ಪ್ರೀ ವಿಶ್ವ ಚಾಂಪಿಯನ್‌ಷಿಪ್ಪಿನ ಇತಿಹಾಸದಲ್ಲಿ ಏಕವೀರರ ಕಾಲಗಳು ಮತ್ತೆ ಮತ್ತೆ ಬಂದುಹೋಗಿವೆ. ಅಲ್ಲದೆ, ಇಲ್ಲಿ ಗೆದ್ದುದು ಮನುಷ್ಯನೋ ಯಂತ್ರವೋ ಎಂಬ ಸಂದೇಹವು ಸದಾ ಉಳಿದಿರುತ್ತದೆ. ಟೆನ್ನಿಸ್ ಆಟಗಾರನ ಗೆಲುವನ್ನು ಯಾರೂ ಅವನ ರ‍್ಯಾಕೆಟ್ಟಿಗೆ ಆರೋಪಿಸುವುದಿಲ್ಲ. ಸವಾರನ ಗೆಲುವಿನಲ್ಲಾದರೋ ಅವನ ವಾಹನವೂ ಪಾಲುದಾರ. ನಮ್ಮ ಪ್ರಶ್ನೆಯ ತಿರುಳು ಈ ಪಾಲುದಾರಿಕೆಯಲ್ಲಿಯೇ ಅಡಗಿದೆಯೆಂಬುದು ಈ ಲೇಖಕನ ಅಭಿಪ್ರಾಯ.

ಶಾಸ್ತ್ರಜ್ಞರಲ್ಲಿ ಈ ಬಗ್ಗೆ ಎರಡು ಪಕ್ಷಗಳಿವೆ ಎನ್ನಬಹುದು. 1956 ರಲ್ಲಿ ಸೈಮನ್ ರಾಟನ್‌ಬರ್ಗ್ ಅವರು ಬೇಸ್‌ಬಾಲ್ ಆಟಗಾರರ ಶ್ರಮಮಾರುಕಟ್ಟೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಪ್ರೇಕ್ಷಕರು ಬರಬೇಕಾದರೆ ಫಲಿತಾಂಶದಲ್ಲಿ ಅನಿಶ್ಚಿತತೆ ಇರಬೇಕೆಂಬ ವಾದವನ್ನು ಮುಂದಿಟ್ಟರು. 1964 ರಲ್ಲಿ ವಾಲ್ಟರ್ ನೀಲ್ ಅವರು ಮುಷ್ಟಿಮಲ್ಲ ಜೋ ಲೂಯಿಸನನ್ನೂ ಅವನ ಎದುರಾಳಿ ಮ್ಯಾಕ್ಸ್ ಷ್ಮೆಲಿಂಗನನ್ನೂ ಉದಾಹರಿಸಿ ಇದೇ ಮಾತನ್ನು ಇನ್ನಷ್ಟು ತೀಕ್ಷ್ಣಗೊಳಿಸಿದರು. ಎದುರಂಗಡಿ ಮುಚ್ಚಿಹೋದರೆ ವರ್ತಕನಿಗೆ ಲಾಭ. ಎದುರಾಳಿಯೇ ಇಲ್ಲವಾದರೆ ಮಲ್ಲನಿಗೆ ಗಳಿಕೆಯೇ ಇಲ್ಲ. ಇನ್ನೊಂದು ಪಕ್ಷದ ಆಧಾರಗ್ರಂಥವೆಂದರೆ 1981 ರಲ್ಲಿ ಷರ್ವಿನ್ ರೋಸನ್ ಅವರು ತಾರೆಗಳ ಅರ್ಥಶಾಸ್ತ್ರವನ್ನು ಕುರಿತು ಬರೆದ ಲೇಖನ. ಒಂದೇ ಪ್ರದರ್ಶನವು ಲಕ್ಷಾಂತರ ಜನರನ್ನು ತಲುಪಬಲ್ಲ ಕಾಲದಲ್ಲಿ, ಪ್ರತಿಭೆಯ ಅಲ್ಪ ಅಂತರವೂ ಗಳಿಕೆಯಲ್ಲಿ ಅಪಾರ ಅಂತರವಾಗಿ ಪರಿಣಮಿಸುತ್ತದೆಂದು ಅವರು ತೋರಿಸಿಕೊಟ್ಟರು. ಜನರು ಉತ್ತಮನನ್ನಲ್ಲ, ಅತ್ಯುತ್ತಮನನ್ನೇ ನೋಡಬಯಸುತ್ತಾರೆ. ಎರಡು ವಾದಗಳಲ್ಲಿಯೂ ಸತ್ಯಾಂಶವಿದೆ. ಆದರೆ ಪ್ರಾಬಲ್ಯದಲ್ಲಿಯೇ ಹಲವು ಬಗೆಗಳಿವೆಯೆಂಬುದನ್ನು ಮರೆತು ಇವುಗಳನ್ನು ಅನ್ವಯಿಸಹೊರಟರೆ ಗೊಂದಲವೇ ಫಲ.

ಮೊದಲ ಬಗೆಗೆ ಇಟಲಿಯ ಜಾಕೊಮೊ ಅಗೋಸ್ಟಿನಿಯ ಕಾಲವೇ ಉತ್ತಮ ನಿದರ್ಶನ. 1966 ರಿಂದ 1972 ರವರೆಗೆ ಸತತವಾಗಿ ಏಳು ವರ್ಷ 500 ಸಿ.ಸಿ. ವರ್ಗದ ಪದವಿ ಅವನದಾಗಿದ್ದಿತು. ಒಟ್ಟು 15 ವಿಶ್ವಪದವಿಗಳನ್ನೂ 122 ಪಂದ್ಯಗಳನ್ನೂ ಗೆದ್ದ ಈತನ ಸಾಮರ್ಥ್ಯವನ್ನು ಅಲ್ಲಗಳೆಯುವವರಿಲ್ಲ. ಆದರೆ ಆ ಏಳು ವರ್ಷಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. 1967 ರಲ್ಲಿ ಹೋಂಡಾ ವಾಹನವನ್ನೇರಿದ ಮೈಕ್ ಹೇಲ್‌ವುಡ್ ಅವನಿಗೆ ಸರಿಸಮನಾಗಿ ನಿಂತಿದ್ದನು. ಇಬ್ಬರೂ ಐದೈದು ಪಂದ್ಯಗಳನ್ನು ಗೆದ್ದಿದ್ದರು. ಆ ವರ್ಷದ ಕೊನೆಯಲ್ಲಿ ಹೋಂಡಾ ಸಂಸ್ಥೆಯು ಕಣದಿಂದ ಹಿಂದೆ ಸರಿಯಿತು. ಅದಕ್ಕೂ ಹತ್ತು ವರ್ಷಗಳ ಮೊದಲೇ, 1957 ರ ಕೊನೆಗೆ, ಗಿಲೇರಾ, ಮೋಟೋ ಗುಟ್ಸಿ, ಮೊಂಡಿಯಾಲ್ ಸಂಸ್ಥೆಗಳು ಹೊರಟುಹೋಗಿದ್ದವು. ಉಳಿದದ್ದು ಎಂ.ವಿ. ಅಗುಸ್ತಾ ಒಂದೇ. 1968 ರಲ್ಲಿ ಅಗೋಸ್ಟಿನಿಯು 500 ಸಿ.ಸಿ. ವರ್ಗದ ಹತ್ತಕ್ಕೆ ಹತ್ತು, 350 ಸಿ.ಸಿ. ವರ್ಗದ ಏಳಕ್ಕೆ ಏಳು ಪಂದ್ಯಗಳನ್ನು ಗೆದ್ದನು. ಹಿರಿಯ ವರ್ಗದಲ್ಲಿ ಅವನ ಎದುರು ನಿಂತವರಲ್ಲಿ ಹೆಚ್ಚಿನವರು ಸ್ವಂತ ಹಣದಿಂದ ಕೊಂಡ ಹಳೆಯ ನಾರ್ಟನ್, ಮ್ಯಾಚ್‌ಲೆಸ್ ಒಂಟಿ ಸಿಲಿಂಡರಿನ ವಾಹನಗಳ ಸವಾರರು. ಹೀಗಿರುವಾಗ ಅದನ್ನು ಸ್ಪರ್ಧೆಯೆನ್ನುವುದಕ್ಕಿಂತ ಮೆರವಣಿಗೆಯೆನ್ನುವುದೇ ಮೇಲು. 1958 ರಿಂದ 1974 ರವರೆಗೆ ಹದಿನೇಳು ವರ್ಷ ಈ ವರ್ಗದ ಪದವಿಯು, ಸವಾರರು ಬದಲಾದರೂ, ಅದೇ ಸಂಸ್ಥೆಯ ವಾಹನಕ್ಕೆ ಸಂದಿತೆಂಬುದನ್ನು ಗಮನಿಸಿದರೆ ಇಲ್ಲಿ ಪ್ರಬಲವಾಗಿದ್ದುದು ಯಾವುದೆಂಬುದು ಸ್ಪಷ್ಟವಾಗುತ್ತದೆ.

ಇಂತಹ ಕಾಲದಲ್ಲಿಯೂ ಇಟಲಿಯ ಜನರು ಸುಮ್ಮನಿರಲಿಲ್ಲ ಎಂಬುದು ಸ್ವಾರಸ್ಯವಾದ ಸಂಗತಿ. ಅವರು ತಮಗೆ ಬೇಕಾದ ಎದುರಾಳಿಯನ್ನು ತಾವೇ ಕಂಡುಕೊಂಡರು. 350 ಸಿ.ಸಿ. ವರ್ಗದಲ್ಲಿ ಬೆನೆಲ್ಲಿ ವಾಹನದ ಸವಾರನಾಗಿದ್ದ ರೆಂಜೊ ಪಾಸೊಲಿನಿಯ ಸುತ್ತ ಒಂದು ಪಕ್ಷವೇ ಬೆಳೆಯಿತು. ಅಗೋಸ್ಟಿನಿ ಸುಂದರ, ಚಲನಚಿತ್ರಗಳಲ್ಲಿಯೂ ಕಾಣಿಸಿಕೊಂಡವನು. ಪಾಸೊಲಿನಿ ಕನ್ನಡಕ ಧರಿಸಿದ ಸಾಧಾರಣ ರೂಪದ ಸವಾರ. ವಿಶ್ವಪದವಿಯನ್ನು ಎಂದೂ ಪಡೆಯದ ಈತನಿಂದ ಅಗೋಸ್ಟಿನಿಯ ಜನಪ್ರಿಯತೆ ಕುಗ್ಗಲಿಲ್ಲ, ಬೆಳೆಯಿತು. ನೀಲ್ ಅವರ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ಹುಡುಕಬೇಕಾಗಿಲ್ಲ. 1973 ರ ಮೇ 20 ರಂದು ಮೊಂಜಾದಲ್ಲಿ ನಡೆದ ಅಪಘಾತದಲ್ಲಿ ಪಾಸೊಲಿನಿಯೂ, ಅಗೋಸ್ಟಿನಿಗೆ ನಿಜವಾದ ಸವಾಲಾಗಿ ಬೆಳೆಯುತ್ತಿದ್ದ ಫಿನ್ಲೆಂಡಿನ ಯಾರ್ನೊ ಸಾರಿನೆನ್ನನೂ ಒಟ್ಟಿಗೇ ಮೃತರಾದರು.

ಆಸ್ಟ್ರೇಲಿಯದ ಮಿಕ್ ಡೂಹನ್ನನ ಕಾಲವನ್ನು (1994 ರಿಂದ 1998) ಇಲ್ಲಿ ದೀರ್ಘವಾಗಿ ವಿವೇಚಿಸಬೇಕಾಗಿಲ್ಲ. 1997 ರಲ್ಲಿ ಹದಿನೈದರಲ್ಲಿ ಹನ್ನೆರಡು ಪಂದ್ಯಗಳನ್ನು ಗೆದ್ದ ಈತನನ್ನು ನೀರಸನೆಂದು ದೂರುವವರು, ಅವನಿಗೆ ಸಮಾನರಾಗಿದ್ದ ವೇಯ್ನ್ ರೇನಿಯು 1993 ರ ಮಿಸಾನೊ ಪಂದ್ಯದಲ್ಲಿ ಬಿದ್ದು ನಡೆಯಲಾರದವನಾದುದನ್ನೂ, ಕೆವಿನ್ ಷ್ವಾಂಟ್ಜ್ 1995 ರಲ್ಲಿ ನಿವೃತ್ತನಾದುದನ್ನೂ ಮರೆಯುತ್ತಾರೆ. ಎದುರಾಳಿಗಳು ಇಲ್ಲವಾದುದು ಗೆದ್ದವನ ತಪ್ಪಲ್ಲ.

ಈಗ ಅನಿಶ್ಚಿತತೆಯ ವಿಷಯಕ್ಕೆ ಬರೋಣ. ಅನಿಶ್ಚಿತತೆಯಲ್ಲಿಯೂ ಎರಡು ಬಗೆ: ವರ್ಷದ ಪದವಿ ಯಾರದೆಂಬುದು ಒಂದು, ಇಂದಿನ ಪಂದ್ಯ ಯಾರದೆಂಬುದು ಇನ್ನೊಂದು. ಇವೆರಡೂ ಒಟ್ಟಿಗೇ ಏರಿಳಿಯಬೇಕೆಂಬ ನಿಯಮವಿಲ್ಲ. 2019 ರಲ್ಲಿ ಸ್ಪೇನಿನ ಮಾರ್ಕ್ ಮಾರ್ಕೆಜ್ ಹತ್ತೊಂಬತ್ತು ಪಂದ್ಯಗಳಲ್ಲಿ ಹನ್ನೆರಡನ್ನು ಗೆದ್ದು, ಆರರಲ್ಲಿ ಎರಡನೆಯವನಾಗಿ, ಇನ್ನೂ ನಾಲ್ಕು ಪಂದ್ಯಗಳು ಉಳಿದಿರುವಾಗಲೇ ಥಾಯ್ಲೆಂಡಿನಲ್ಲಿ ಪದವಿಯನ್ನು ಖಚಿತಪಡಿಸಿಕೊಂಡನು. ಅಂಕಪಟ್ಟಿಯನ್ನು ಮಾತ್ರ ನೋಡುವವನಿಗೆ ಅದು ಬೇಸರದ ವರ್ಷ. ಆದರೆ ಕತಾರಿನಲ್ಲಿ ಆಂಡ್ರಿಯ ಡೊವಿಟ್ಸಿಯೋಜೊ ಅವನನ್ನು ಸೋಲಿಸಿದ್ದು 0.023 ಸೆಕೆಂಡಿನಿಂದ, ಸಿಲ್ವರ್‌ಸ್ಟೋನಿನಲ್ಲಿ ಅಲೆಕ್ಸ್ ರಿನ್ಸ್ ಸೋಲಿಸಿದ್ದು 0.013 ಸೆಕೆಂಡಿನಿಂದ, ಆಸ್ಟ್ರಿಯದಲ್ಲಿ ಗೆಲುವು ಕೈತಪ್ಪಿದ್ದು ಕೊನೆಯ ತಿರುವಿನಲ್ಲಿ. ಥಾಯ್ಲೆಂಡಿನ ಪದವಿಯೂ ಕೊನೆಯ ಸುತ್ತಿನಲ್ಲಿ ಫಾಬಿಯೊ ಕ್ವಾರ್ಟರಾರೊನನ್ನು ಹಿಂದಿಕ್ಕಿದ ಮೇಲೆಯೇ ಬಂದದ್ದು. ಮಹಾಭಾರತದ ಕಥೆ ಗೊತ್ತಿದ್ದವನೂ ಬಯಲಾಟಕ್ಕೆ ಹೋಗಿ ಬೆಳಗಿನವರೆಗೆ ಕೂತಿರುತ್ತಾನೆ. ಫಲವು ತಿಳಿದಿದ್ದರೂ ಪ್ರಸಂಗವು ನಡೆಯುವ ರೀತಿಯು ಅವನನ್ನು ಹಿಡಿದಿಡುತ್ತದೆ. ಮಾರ್ಕೆಜ್‌ನ 2019 ಅಂತಹುದು. ಅಗೋಸ್ಟಿನಿಯ 1968 ಅಂತಹುದಲ್ಲ.

ವ್ಯಾಲೆಂಟಿನೊ ರೊಸ್ಸಿಯ ವಿಷಯದಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಏಕೆಂದರೆ ಪ್ರಾಬಲ್ಯವೇ ಜನಪ್ರಿಯತೆಗೆ ಕಾರಣವೆನ್ನುವವರು ಮೊದಲು ಹೆಸರಿಸುವುದು ಈತನನ್ನೇ. 2001 ರಿಂದ 2005 ರವರೆಗೆ ಹಿರಿಯ ವರ್ಗದ ಪದವಿಯನ್ನು ಸತತವಾಗಿ ಐದು ಸಲ ಪಡೆದನೆಂಬುದು ನಿಜ. ಆದರೆ ಆ ಐದು ವರ್ಷಗಳ ನಡುವೆ ಅವನು ಮಾಡಿದ ಒಂದು ಕೆಲಸವು ನಮ್ಮ ವಿಚಾರಕ್ಕೆ ಮುಖ್ಯ. 2003 ರ ಕೊನೆಗೆ, ಎಲ್ಲರಿಗಿಂತ ಮೇಲೆನಿಸಿದ್ದ ಹೋಂಡಾ ವಾಹನವನ್ನು ಬಿಟ್ಟು, 1992 ರಿಂದ ಈ ಪದವಿಯನ್ನು ಕಂಡಿರದ ಯಮಾಹಾ ಸಂಸ್ಥೆಗೆ ಹೋದನು. 2004 ರ ಏಪ್ರಿಲ್ 18 ರಂದು ದಕ್ಷಿಣ ಆಫ್ರಿಕದ ವೆಲ್ಕಮ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿಯೇ ಮ್ಯಾಕ್ಸ್ ಬಿಯಾಜಿಯನ್ನು ಸ್ವಲ್ಪದರಲ್ಲಿ ಸೋಲಿಸಿ ಗೆದ್ದನು. ಗೆದ್ದದ್ದು ಮನುಷ್ಯನೋ ಯಂತ್ರವೋ ಎಂಬ ಸಂದೇಹವನ್ನು ಒಬ್ಬ ಸವಾರನು ತಾನಾಗಿಯೇ ಪರೀಕ್ಷೆಗೊಡ್ಡಿ ಉತ್ತರಿಸಿದ ಪ್ರಸಂಗವಿದು. ಆತನ ಗೆಲುವುಗಳು ಪ್ರೇಕ್ಷಕರಿಗೆ ರುಚಿಸಿದ್ದು ಅವು ಹೆಚ್ಚಾಗಿದ್ದವೆಂದಲ್ಲ, ಅವನವೇ ಆಗಿದ್ದವೆಂದು ನಂಬಲು ಸಾಧ್ಯವಾದುದರಿಂದ.

ಇನ್ನೂ ಒಂದು ಮಾತು. ರೊಸ್ಸಿಯ ಕೊನೆಯ ಪದವಿ 2009 ರದು. ಕೊನೆಯ ಗೆಲುವು 2017 ರ ಆಸೆನ್ ಪಂದ್ಯದ್ದು. 2011, 2012 ರಲ್ಲಿ ಡುಕಾಟಿ ವಾಹನದ ಮೇಲೆ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆದರೂ 2021 ರಲ್ಲಿ ನಿವೃತ್ತನಾಗುವವರೆಗೆ, ಯಾವ ದೇಶದ ಪಂದ್ಯವೇ ಆಗಲಿ, ಅವನ ಹಳದಿ ಬಣ್ಣದ ಧ್ವಜಗಳೂ 46 ಎಂಬ ಅಂಕೆಯೂ ಪ್ರೇಕ್ಷಕರ ಸಾಲುಗಳಲ್ಲಿ ತುಂಬಿದ್ದವು. ಪ್ರಾಬಲ್ಯವು ಹೋದ ಮೇಲೆಯೂ ಜನಪ್ರಿಯತೆ ಹನ್ನೆರಡು ವರ್ಷ ಉಳಿಯಿತೆಂದರೆ, ಇವೆರಡನ್ನೂ ಒಂದೆಂದು ಎಣಿಸಲಾಗದೆಂಬುದು ಸಿದ್ಧವಾಯಿತು.

ಲಾಭದ ಮಾತಾಯಿತು, ಇನ್ನು ಅದರ ಬೆಲೆ. 2022 ರ ಮೇ 29 ರಂದು ಇಟಲಿಯ ಮುಜೆಲ್ಲೊದಲ್ಲಿ, ರೊಸ್ಸಿ ಇಲ್ಲದ ಮೊದಲ ಋತುವಿನ ಪಂದ್ಯ ನಡೆಯಿತು. ಆರಂಭದ ಮೊದಲ ಸಾಲಿನಲ್ಲಿ ನಿಂತ ಮೂವರೂ ಇಟಲಿಯವರು. ಗೆದ್ದವನು ಫ್ರಾನ್ಸೆಸ್ಕೊ ಬನ್ಯಾಯಾ. ಅವನೂ ಇಟಲಿಯವನೇ, ಅದರ ಮೇಲೆ ರೊಸ್ಸಿಯ ಶಿಕ್ಷಣಶಾಲೆಯಲ್ಲಿಯೇ ಪಳಗಿದವನು, ಸವಾರಿ ಮಾಡಿದ್ದು ಇಟಲಿಯ ಡುಕಾಟಿಯನ್ನು. ಸ್ವದೇಶಾಭಿಮಾನದಿಂದಲೇ ಜನ ಬರುವುದಾದರೆ ಅಂದು ಬೆಟ್ಟದ ಇಳಿಜಾರುಗಳು ತುಂಬಿ ತುಳುಕಬೇಕಾಗಿದ್ದಿತು. 2019 ರ ಭಾನುವಾರ ಅಲ್ಲಿ ಎಂಬತ್ತು ಸಾವಿರಕ್ಕೂ ಮಿಕ್ಕು ಜನ ಸೇರಿದ್ದರು; 2022 ರಲ್ಲಿ ನಲವತ್ತೈದು ಸಾವಿರವೂ ಆಗಲಿಲ್ಲ. ಟಿಕೆಟ್ಟಿನ ಬೆಲೆಯ ಬಗ್ಗೆ ದೂರುಗಳಿದ್ದವು, ಮಹಾಮಾರಿಯ ಭೀತಿ ಪೂರ್ಣವಾಗಿ ಕಳೆದಿರಲಿಲ್ಲ, ಅದೇ ದಿನ ಮೊನಾಕೊದಲ್ಲಿ ಕಾರುಗಳ ಗ್ರ್ಯಾನ್ ಪ್ರೀ ಪಂದ್ಯವೂ ಇದ್ದಿತು. ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಡಿದರೂ ಅರ್ಧದಷ್ಟು ಕುಸಿತಕ್ಕೆ ಅವು ಪೂರ್ತಿ ಸಮಾಧಾನವಾಗಲಾರವು. ಆ ಜನರು ಪಂದ್ಯದ ಅಭಿಮಾನಿಗಳೆಂದು ಎಣಿಸಲ್ಪಟ್ಟಿದ್ದರು. ಅನೇಕರು ಒಬ್ಬ ಮನುಷ್ಯನ ಅಭಿಮಾನಿಗಳಾಗಿದ್ದರು.

ಇದರಿಂದ ಕ್ರೀಡೆಯೇ ಕುಸಿಯಿತೆಂದು ತೀರ್ಮಾನಿಸುವುದು ಆತುರವಾದೀತು. ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ 2023 ರಲ್ಲಿ ಮೂರು ದಿನಗಳಿಗೆ ಸೇರಿ 2 ಲಕ್ಷ 78 ಸಾವಿರ, 2025 ರಲ್ಲಿ 3 ಲಕ್ಷ 11 ಸಾವಿರ ಪ್ರೇಕ್ಷಕರು ಬಂದರೆಂದು ಪ್ರಕಟವಾಗಿದೆ. (ವ್ಯವಸ್ಥಾಪಕರು ಪ್ರಕಟಿಸುವ ಅಂಕಿಗಳಲ್ಲಿ ಮೂರು ದಿನವೂ ಬಂದವನನ್ನು ಮೂವರೆಂದು ಎಣಿಸಲಾಗುತ್ತದೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು, ಮುಜೆಲ್ಲೊದ ಮೇಲಿನ ಅಂಕಿ ಒಂದು ದಿನದ್ದು.) ಅಗೋಸ್ಟಿನಿಯಂತಹ ಏಕವೀರನು ಫ್ರಾನ್ಸಿಗೆ ಎಂದೂ ಇರಲಿಲ್ಲ. 2025 ರಲ್ಲಿ ಮಳೆಯ ನಡುವೆ ಅಲ್ಲಿ ಗೆದ್ದ ಯೋಹಾನ್ ಜಾರ್ಕೊ, 1954 ರ ತರುವಾಯ ತನ್ನ ದೇಶದ ಪಂದ್ಯವನ್ನು ಹಿರಿಯ ವರ್ಗದಲ್ಲಿ ಗೆದ್ದ ಮೊದಲ ಫ್ರೆಂಚನು.

ಏಕವೀರನನ್ನು ಹಠಾತ್ತಾಗಿ ಕಣದಿಂದ ತೆಗೆದುಬಿಟ್ಟರೆ ಏನಾಗುವುದೆಂಬ ಪ್ರಯೋಗವೂ ಒಮ್ಮೆ ತಾನಾಗಿಯೇ ನಡೆಯಿತು. 2020 ರ ಜುಲೈ 19 ರಂದು ಹೆರೆಥ್‌ನಲ್ಲಿ ಮಾರ್ಕೆಜ್ ಬಿದ್ದು ಬಲತೋಳಿನ ಎಲುಬನ್ನು ಮುರಿದುಕೊಂಡನು. ಆ ವರ್ಷದ ಹದಿನಾಲ್ಕು ಪಂದ್ಯಗಳನ್ನು ಒಂಬತ್ತು ಮಂದಿ ಬೇರೆಬೇರೆ ಸವಾರರು ಗೆದ್ದರು. ಒಂದೇ ಪಂದ್ಯ ಗೆದ್ದ ಜೊವಾನ್ ಮೀರ್‌ಗೆ ಪದವಿ ದಕ್ಕಿತು. ರಾಟನ್‌ಬರ್ಗ್ ಅವರ ಪಕ್ಷಕ್ಕೆ ಇದಕ್ಕಿಂತ ಅನುಕೂಲವಾದ ವರ್ಷ ಇನ್ನೊಂದಿಲ್ಲ. ದುರ್ದೈವದಿಂದ, ಸಾಂಕ್ರಾಮಿಕದ ಕಾರಣ ಬಹುಪಾಲು ಮೈದಾನಗಳ ಬಾಗಿಲು ಮುಚ್ಚಿದ್ದವು. ಪ್ರಯೋಗ ನಡೆಯಿತು, ಅಳೆಯುವ ಕೋಲು ಇರಲಿಲ್ಲ.

ಆ ಮುರಿದ ತೋಳಿನ ಕಥೆಯನ್ನು ಮಾತ್ರ ಅಂಕಿಗಳ ಜೊತೆಗೆ ಬಿಟ್ಟುಬಿಡಲಾಗದು. 21 ರಂದು ಶಸ್ತ್ರಚಿಕಿತ್ಸೆಯಾಯಿತು. 25 ರಂದು, ಕೇವಲ ನಾಲ್ಕು ದಿನಗಳ ತರುವಾಯ, ವೈದ್ಯರ ಒಪ್ಪಿಗೆಯೊಂದಿಗೆ ಅವನು ಮತ್ತೆ ವಾಹನವನ್ನೇರಿ, ಸ್ವಲ್ಪ ಓಡಿಸಿ, ಹಿಂದೆ ಸರಿದನು. ತೋಳಿಗೆ ಕೂಡಿಸಿದ್ದ ಲೋಹದ ಪಟ್ಟಿ ಕೆಲವೇ ದಿನಗಳಲ್ಲಿ ಹಾಳಾಯಿತು. ಆಗಸ್ಟ್ 3 ರಂದು ಎರಡನೆಯ ಶಸ್ತ್ರಚಿಕಿತ್ಸೆ, ಮುಂದೆ ಇನ್ನೂ ಎರಡು. ಅವಸರವು ಅವನದೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಸಂಸ್ಥೆಯ ವರ್ಷದ ಭಾಗ್ಯವೆಲ್ಲವೂ ಒಬ್ಬನ ತೋಳಿನ ಮೇಲೆ ನಿಂತಿರುವಾಗ, ಬೇಡವೆನ್ನುವ ಬಾಯಿಗಳು ಕಡಿಮೆಯಾಗುವುದು ಸಹಜ. ಪ್ರಾಬಲ್ಯದ ಹಾನಿಯನ್ನು ಟಿಕೆಟ್ಟುಗಳ ಲೆಕ್ಕದಲ್ಲಿಯೇ ಹುಡುಕುವವರು ಈ ಹಾನಿಯನ್ನು ಕಾಣುವುದಿಲ್ಲ.

ಆಡಳಿತಗಾರರು ಇಷ್ಟು ವರ್ಷ ಮಾಡುತ್ತ ಬಂದಿರುವುದು ಯಂತ್ರಗಳನ್ನು ಸಮಗೊಳಿಸುವ ಪ್ರಯತ್ನ. ಹಿಂದುಳಿದ ತಯಾರಕರಿಗೆ ಪರೀಕ್ಷಾರ್ಥ ಓಟಗಳಲ್ಲಿಯೂ ಎಂಜಿನ್ನುಗಳ ವಿಷಯದಲ್ಲಿಯೂ ರಿಯಾಯಿತಿಗಳನ್ನು ಕೊಡಲಾಯಿತು. 2016 ರಿಂದ ಎಲ್ಲರಿಗೂ ಒಂದೇ ವಿದ್ಯುನ್ಮಾನ ನಿಯಂತ್ರಣ ವ್ಯವಸ್ಥೆ ಕಡ್ಡಾಯವಾಯಿತು. ಆ ವರ್ಷವೇ ಹದಿನೆಂಟು ಪಂದ್ಯಗಳಿಗೆ ಒಂಬತ್ತು ವಿಜೇತರು ದೊರೆತರು. ಆದರೂ 2016 ರಿಂದ 2019 ರವರೆಗಿನ ನಾಲ್ಕೂ ಪದವಿಗಳು ಮಾರ್ಕೆಜ್‌ಗೇ ಸಂದವು. ನಿಯಮದಿಂದ ಯಂತ್ರದ ಏಕಸ್ವಾಮ್ಯವನ್ನು ಸಡಿಲಿಸಬಹುದು, ಮನುಷ್ಯನದನ್ನಲ್ಲ. ಈ ಲೇಖಕನ ಎಣಿಕೆಯಲ್ಲಿ ಅದನ್ನು ಸಡಿಲಿಸಬೇಕಾಗಿಯೂ ಇಲ್ಲ. 2025 ರಲ್ಲಿ, ಆರು ವರ್ಷಗಳ ಅಂತರದ ಬಳಿಕ, ಮಾರ್ಕೆಜ್ ಡುಕಾಟಿಯ ಮೇಲೆ ಐದು ಪಂದ್ಯಗಳು ಬಾಕಿಯಿರುವಾಗಲೇ ಜಪಾನಿನ ಮೊಟೆಗಿಯಲ್ಲಿ ಮತ್ತೆ ಪದವಿಗೇರಿದನು. ಅದೇ ತಂಡದ ಇನ್ನೊಂದು ಡುಕಾಟಿಯ ಮೇಲಿದ್ದ, ಹಿಂದೆ ಎರಡು ಸಲ ಈ ಪದವಿ ಪಡೆದಿದ್ದ ಬನ್ಯಾಯಾ, ಇಡೀ ವರ್ಷ ಅವನ ಸಮೀಪಕ್ಕೂ ಬರಲಾರದೆ ಹೋದನು. ಎರಡನೆಯ ಸ್ಥಾನ ಮಾರ್ಕೆಜ್‌ನ ಸ್ವಂತ ತಮ್ಮ ಅಲೆಕ್ಸ್‌ನದಾಗಿದ್ದಿತು.