ಕೆಟ್ಟದ್ದು ಕಡತ, ಊರಲ್ಲ

ಮೈನ್‌ಕ್ರಾಫ್ಟ್ ಆಟಕ್ಕೆ ‘ಮಾಡ್’ ಎಂಬ ಹೆಚ್ಚುವರಿ ಕಡತಗಳನ್ನು ಸೇರಿಸಿದೊಡನೆ ಆಟವೇ ತೆರೆಯದಾಯಿತೆಂದು ಶಿಷ್ಯನೊಬ್ಬ ನಮ್ಮಲ್ಲಿಗೆ ಬಂದ. ವರ್ಷವಿಡೀ ಕಟ್ಟಿದ ಊರು ಹೋಯಿತೆಂದು ಅವನ ಕಣ್ಣು ತುಂಬಿತ್ತು.

ಎಲ್ಲವನ್ನೂ ಅಳಿಸುವ ಆತುರ ಬೇಡವೆಂದೆವು. ಊರಿರುವುದು ‘ಸೇವ್ಸ್’ ಫೋಲ್ಡರಿನಲ್ಲಿ. ಮೊದಲು ಅದರ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದಿಟ್ಟೆವು. ‘ಮಾಡ್ಸ್’ ಫೋಲ್ಡರನ್ನು ಬರಿದು ಮಾಡಿದಾಗ ಆಟ ತೆರೆಯಿತು. ಒಂದೊಂದನ್ನೇ ಮರಳಿ ಹಾಕುತ್ತ ಹೋದಾಗ ಕಳ್ಳ ಸಿಕ್ಕಿಬಿದ್ದ: ಕರೆಂಟು ಹೋಗಿ ಅರ್ಧಕ್ಕೆ ನಿಂತ ಡೌನ್‌ಲೋಡ್! ಪುನಃ ಇಳಿಸಿಕೊಂಡಾಗ ಸರಿಹೋಯಿತು.

ಗಾತ್ರ ತಾಳೆಯಾದರೂ ಸಂಶಯ ಉಳಿದರೆ, ತಯಾರಕರು ಕೊಟ್ಟಿರುವ 64 ಅಂಕಾಕ್ಷರಗಳ ಎಸ್‌ಎಚ್‌ಎ-256 ಗುರುತನ್ನು ಹೋಲಿಸಬೇಕು. ಅದೂ ಸರಿಯಿದ್ದರೆ ಆಟದ ಆವೃತ್ತಿಗೂ ಮಾಡಿಗೂ ಹೊಂದಿಕೆಯಿದೆಯೇ ಎಂದು ನೋಡಬೇಕು.

ಪ್ರತಿ ತೆಗೆದಿಡದೆ ಪ್ರಯೋಗಕ್ಕಿಳಿಯಬಾರದು. ಮಕ್ಕಳಿಗೆ ನಾವು ಹೇಳುವ ಮೊದಲ ಪಾಠವಿದು.