ವೀರ್ಯ ಪರೀಕ್ಷೆ: 1.6 ಕೋಟಿಯ ಗೆರೆ ಮತ್ತು 4 ಕೋಟಿಯ ಗೆರೆ

ಒಂದು ಮಿಲಿಲೀಟರ್ ವೀರ್ಯದಲ್ಲಿ ಇರಬೇಕಾದ ವೀರ್ಯಾಣುಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಕೊಡುವ ಕೆಳಮಿತಿ 1.6 ಕೋಟಿ. 2010ರ ಕೈಪಿಡಿಯಲ್ಲಿ ಇದು 1.5 ಕೋಟಿ, 1999ರಲ್ಲಿ 2 ಕೋಟಿ ಇತ್ತು. 1.8 ಕೋಟಿ ತೋರಿಸುವ ವರದಿ 1999ರ ಲೆಕ್ಕದಲ್ಲಿ ‘ಕಡಿಮೆ’, ಇಂದಿನ ಲೆಕ್ಕದಲ್ಲಿ ‘ಸಾಮಾನ್ಯ’.

2010ರಿಂದ ಈ ಗೆರೆ ಎಳೆಯುವ ಕ್ರಮವೇ ಬೇರೆ. ಪ್ರಯತ್ನಿಸಿದ 12 ತಿಂಗಳೊಳಗೆ ಪತ್ನಿ ಗರ್ಭಿಣಿಯಾದ ಗಂಡಸರ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಕೆಳಗಿನಿಂದ 5ನೇ ಶೇಕಡಾಂಶವನ್ನು ಮಿತಿಯಾಗಿ ತೆಗೆದುಕೊಳ್ಳಲಾಗುತ್ತದೆ. ಎಂದರೆ ಹೀಗೆ ತಂದೆಯಾದ 100 ಮಂದಿಯಲ್ಲಿ 5 ಮಂದಿ ಆ ಗೆರೆಗಿಂತ ಕೆಳಗಿದ್ದೇ ತಂದೆಯಾದವರು. ಗೆರೆಯ ಕೆಳಗಿದ್ದರೆ ಬಂಜೆತನ ಎಂದು ಓದಿಕೊಳ್ಳುವುದು ತಪ್ಪು.

ಮೇಲಿದ್ದರೆ ಸಾಕೇ? ಒಮ್ಮೆ ಹೊರಬರುವ ವೀರ್ಯದ ಪ್ರಮಾಣದ ಕೆಳಮಿತಿ 1.4 ಮಿಲಿಲೀಟರ್. ಅದನ್ನು 1.6 ಕೋಟಿಯಿಂದ ಗುಣಿಸಿದರೆ 2.24 ಕೋಟಿ. ಒಟ್ಟು ಸಂಖ್ಯೆಯ ಕೆಳಮಿತಿಯೋ 3.9 ಕೋಟಿ. ಎರಡು ಸಾಲಿನಲ್ಲಿ ಅಂಚಿನಲ್ಲಿ ಪಾಸಾದವರು ಮೂರನೆಯದರಲ್ಲಿ ಸೋಲುತ್ತಾರೆ. ವರದಿಯಲ್ಲಿ ಮೊದಲು ನೋಡಬೇಕಾದದ್ದು ಈ ಒಟ್ಟು ಸಂಖ್ಯೆಯನ್ನು. ನಂತರ ಚಲನೆ: ಶೇ 42 ವೀರ್ಯಾಣುಗಳು ಚಲಿಸುತ್ತಿರಬೇಕು. ಆಕಾರದಲ್ಲಿ ಮಾತ್ರ ಮಿತಿ ಶೇ 4; ನೂರರಲ್ಲಿ 96 ವಿಕಾರವಾಗಿದ್ದರೂ ಅದು ಸಾಮಾನ್ಯವೇ.

1998ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು ಮೊದಲ ಮಗುವಿಗೆ ಯತ್ನಿಸುತ್ತಿದ್ದ 430 ದಂಪತಿಗಳನ್ನು ಗಮನಿಸಿತು. ಮಿಲಿಲೀಟರಿಗೆ 4 ಕೋಟಿಯವರೆಗೆ ಸಂಖ್ಯೆ ಏರಿದಂತೆ ಗರ್ಭಧಾರಣೆಯ ಸಾಧ್ಯತೆಯೂ ಏರಿತು; ಅದರಾಚೆಗೆ ಏರಲಿಲ್ಲ. 8 ಕೋಟಿ ಇದ್ದವರಿಗೆ 4 ಕೋಟಿಯವರಿಗಿಂತ ಹೆಚ್ಚಿನ ಲಾಭವಿಲ್ಲ. ಆದರೆ 1.6ರಿಂದ 4 ಕೋಟಿಯ ನಡುವಿನವರು ‘ಸಾಮಾನ್ಯ’ ಎಂಬ ವರದಿ ಹಿಡಿದೂ ಹೆಚ್ಚು ತಿಂಗಳು ಕಾಯಬೇಕಾಗಬಹುದು.

53 ದೇಶಗಳ 57,168 ಗಂಡಸರ ಮಾಹಿತಿ ಒಟ್ಟುಗೂಡಿಸಿದ ವಿಶ್ಲೇಷಣೆಯ ಮಹತ್ವ ಇಲ್ಲಿದೆ. ಅದರ ಪ್ರಕಾರ 1973ರಲ್ಲಿ ಮಿಲಿಲೀಟರಿಗೆ 10.12 ಕೋಟಿ ಇದ್ದ ಸರಾಸರಿ 2018ಕ್ಕೆ 4.9 ಕೋಟಿಗೆ ಇಳಿದಿದೆ. ಇಳಿಕೆ ಶೇ 51.6. 2000ದ ನಂತರದ ಇಳಿಕೆ ವರ್ಷಕ್ಕೆ ಶೇ 2.64. ಹಳೆಯ ಎಣಿಕೆ ವಿಧಾನಗಳನ್ನು ನಂಬಬಹುದೇ ಎಂಬ ತಕರಾರು ವಿಜ್ಞಾನಿಗಳಲ್ಲಿದೆ, ಅದು ನ್ಯಾಯವಾದದ್ದೇ. ಇಳಿಕೆ ನಿಜವಾದರೂ ಸರಾಸರಿ ಇನ್ನೂ 4 ಕೋಟಿಯ ಮೇಲಿದೆ. ಅದು ಆ ಗೆರೆಗೆ ಹತ್ತಿರವಾದಷ್ಟೂ ಕೆಳಗೆ ಬೀಳುವವರ ಪಾಲು ಹೆಚ್ಚುತ್ತದೆ.

ಅಂಕಿಯನ್ನು ಇಳಿಸಬಲ್ಲ ಕಾರಣಗಳಲ್ಲೊಂದು, ವೃಷಣದ ರಕ್ತನಾಳಗಳು ಊದಿಕೊಳ್ಳುವ ವೆರಿಕೋಸೀಲ್, ಒಟ್ಟು ಗಂಡಸರಲ್ಲಿ ಸುಮಾರು ಶೇ 15 ಮಂದಿಗಿದೆ. ಮಕ್ಕಳಾಗದೆ ತಪಾಸಣೆಗೆ ಬರುವ ಗಂಡಸರಲ್ಲಿ ಸುಮಾರು ಶೇ 40. ಇದಕ್ಕೆ ಶಸ್ತ್ರಚಿಕಿತ್ಸೆಯಿದೆ.

ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು, ಹೊರಬರುವ ಹಾದಿಗೆ ಮತ್ತಷ್ಟು ದಿನ. ಎರಡು ತಿಂಗಳ ಹಿಂದಿನ ತೀವ್ರ ಜ್ವರ ಇಂದಿನ ವರದಿಯನ್ನು ಕೆಡಿಸಬಲ್ಲದು. ಹಾಗಾಗಿ ಮೊದಲ ವರದಿ ಕಡಿಮೆ ಬಂದರೆ ಸಾಕಷ್ಟು ದಿನ ಬಿಟ್ಟು, ಪರೀಕ್ಷೆಗೆ ಮುನ್ನ 2ರಿಂದ 7 ದಿನ ವೀರ್ಯಸ್ಖಲನವಿಲ್ಲದೆ ಇದ್ದು, ಮತ್ತೊಮ್ಮೆ ಪರೀಕ್ಷಿಸಬೇಕು. ಈ ನಡುವೆ ತಂಬಾಕು ಬಿಟ್ಟಿದ್ದರೆ, ಅದರ ಫಲ ಅಂಕಿಯಲ್ಲಿ ಕಾಣಲು 3 ತಿಂಗಳಾದರೂ ಕೊಡಬೇಕು.